ನಿಮ್ಮ ಡ್ರೈವರ್‌ಗೆ ಎಷ್ಟು ಲಾಫ್ಟ್ ಬೇಕು? ಹಂತ ಹಂತವಾಗಿ ಕಂಡುಕೊಳ್ಳೋಣ

ಹಲವು ವರ್ಷ ನನ್ನ ಗಾಲ್ಫ್ ಬ್ಯಾಗಿನಲ್ಲಿ 9 ಡಿಗ್ರಿಯ ಡ್ರೈವರ್ ಇತ್ತು. ಡ್ರೈವರ್ ಅಂದರೆ ಬಹಳ ದೂರ ಹೊಡೆಯಲು ಬಳಸುವ ಕ್ಲಬ್, ಲಾಫ್ಟ್ ಅಂದರೆ ಅದರ ಮುಖ ಹಿಂದಕ್ಕೆ ವಾಲಿರುವ ಕೋನ. ಚೆನ್ನಾಗಿ ತಾಗಿದ ಹೊಡೆತವೂ ನೆಲಕ್ಕೆ ಹತ್ತಿರದಲ್ಲೇ ಹೊರಟು, ಸ್ವಲ್ಪ ಮೇಲೇರಿ, ಇನ್ನೇನು ಸಾಗಬೇಕು ಅನ್ನುವಷ್ಟರಲ್ಲಿ ಸೋತು ಬೀಳುತ್ತಿತ್ತು. ಬಲ ಸಾಲದು ಅಂದುಕೊಂಡು ಮೈಯೆಲ್ಲಾ ಬಿಗಿ ಹಿಡಿದು ಇನ್ನೂ ಜೋರಾಗಿ ಬೀಸುತ್ತಿದ್ದೆ. ಒಂದು ದಿನ ಅಭ್ಯಾಸದ ರೇಂಜ್‌ನಲ್ಲಿ ಪಕ್ಕದ ಮ್ಯಾಟ್‌ನಲ್ಲಿದ್ದ ಹಿರಿಯರೊಬ್ಬರು ತಮ್ಮ 12 ಡಿಗ್ರಿಯ ಡ್ರೈವರ್ ಕೈಗಿತ್ತು, "ಇದರಲ್ಲಿ ಐದು ಚೆಂಡು ಹೊಡೆದು ನೋಡಿ, ಜೋರು ಬೇಡ" ಅಂದರು. ಮೂರನೆಯ ಚೆಂಡು ಏರಿತು, ಏರುತ್ತಲೇ ಇತ್ತು. ನಾನು ಅದುವರೆಗೆ ಒಮ್ಮೆಯೂ ದಾಟಿಸದಿದ್ದ ದೂರದ ಬೋರ್ಡಿನ ಆಚೆ ಹೋಗಿ ಬಿತ್ತು. ಮುಖ್ಯವಾಗಿ ಬದಲಾಗಿದ್ದು ಮೂರು ಡಿಗ್ರಿ.

ಆಮೇಲೆ ಈ ವಿಷಯವನ್ನು ಬಿಡದೆ ಹಿಂಬಾಲಿಸಿದ್ದೇನೆ. ನನಗೆ ಅರ್ಥವಾಗಿದ್ದು ಇಷ್ಟು: ಕ್ಲಬ್‌ನ ತಳದಲ್ಲಿ ಬರೆದ ಅಂಕಿಗಿಂತ, ಚೆಂಡಿಗೆ ತಾಗುವ ಕ್ಷಣದಲ್ಲಿ ಫೇಸ್ (ಕ್ಲಬ್‌ನ ಮುಖ) ಎಷ್ಟು ವಾಲಿದೆ ಅನ್ನುವುದೇ ದೊಡ್ಡದು. ಅದು ಒಬ್ಬೊಬ್ಬರಿಗೆ ಒಂದೊಂದು ಥರ. ಹಾಗಾಗಿ ಇನ್ನೊಬ್ಬರ ಅಂಕಿಯನ್ನು ನೋಡಿ ಕ್ಲಬ್ ಕೊಳ್ಳುವ ಬದಲು ನಿಮ್ಮದನ್ನು ನೀವೇ ಹುಡುಕಬೇಕು. ಅದು ಕಷ್ಟದ ಕೆಲಸವಲ್ಲ. ಒಂದೆರಡು ದಿನ ತಾಳ್ಮೆಯಿಂದ ಕೂತರೆ ಸಾಕು.

ಲಾಫ್ಟ್ ಕಮ್ಮಿಯಾದರೆ ದೂರ ಜಾಸ್ತಿ, ಹೌದಾ?

ಐರನ್ ಅನ್ನುವ ಕ್ಲಬ್‌ಗಳಲ್ಲಿ ಅಂಕಿ ಕಮ್ಮಿಯಾದಷ್ಟೂ ಲಾಫ್ಟ್ ಕಮ್ಮಿ. ಅವುಗಳಲ್ಲಿ 9ಕ್ಕಿಂತ 7 ದೂರ ಹೋಗುತ್ತದೆ. 7ಕ್ಕಿಂತ 5 ದೂರ ಹೋಗುತ್ತದೆ. ಇದೇ ಲೆಕ್ಕವನ್ನು ನಾವು ಡ್ರೈವರ್‌ಗೂ ಹಾಕಿಬಿಡುತ್ತೇವೆ. ತಪ್ಪುವುದು ಅಲ್ಲೇ. ಲಾಫ್ಟ್ ಇಳಿಯುತ್ತಾ ಹೋದಂತೆ ಒಂದು ಹಂತದವರೆಗೆ ದೂರ ಏರುತ್ತದೆ, ಆಮೇಲೆ ಇಳಿಯಲು ಶುರುವಾಗುತ್ತದೆ. ಆ ತಿರುವು ಎಲ್ಲಿ ಬರುತ್ತದೆ ಅನ್ನುವುದು ನೀವು ಕ್ಲಬ್ ಬೀಸುವ ವೇಗದ ಮೇಲೆ ನಿಂತಿದೆ.

ಗಿಡಕ್ಕೆ ನೀರು ಬಿಡುವ ಪೈಪನ್ನು ನೆನಪಿಸಿಕೊಳ್ಳಿ. ನೀರಿನ ರಭಸ ಕಮ್ಮಿ ಇದ್ದಾಗ ಪೈಪನ್ನು ಅಡ್ಡಲಾಗಿ ಹಿಡಿದರೆ ನೀರು ಕಾಲ ಬುಡದಲ್ಲೇ ಬೀಳುತ್ತದೆ. ಬಾಯಿ ಸ್ವಲ್ಪ ಮೇಲೆತ್ತಿದರೆ ಆಚೆ ಮೂಲೆಯ ಗಿಡಕ್ಕೂ ತಲುಪುತ್ತದೆ. ಚೆಂಡಿಗೂ ಅದೇ ಮಾತು. ಜೊತೆಗೆ ಚೆಂಡಿಗೆ ಇನ್ನೊಂದು ನೆರವಿದೆ: ಬ್ಯಾಕ್‌ಸ್ಪಿನ್. ಹಿಂದಕ್ಕೆ ಸುತ್ತುತ್ತಾ ಹೋಗುವ ಚೆಂಡನ್ನು ಗಾಳಿ ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಚೆಂಡಿನ ಮೈಮೇಲಿನ ಸಣ್ಣ ಗುಳಿಗಳು ಇದಕ್ಕೆ ಸಹಾಯ ಮಾಡುತ್ತವೆ. ವೇಗ ಕಮ್ಮಿ ಇರುವವರಿಗೆ ಈ ಎತ್ತುವ ಬಲವೂ ಕಮ್ಮಿ ಸಿಗುತ್ತದೆ. ಆದ್ದರಿಂದ ಅವರ ಚೆಂಡು ಶುರುವಿನಲ್ಲೇ ಎತ್ತರಕ್ಕೆ ಹೊರಡಬೇಕು, ತುಸು ಸ್ಪಿನ್ ಕೂಡ ಬೇಕು. ವೇಗ ಜಾಸ್ತಿ ಇರುವವರಿಗೆ ಅದೇ ಸ್ಪಿನ್ ಅತಿಯಾಗಿ, ಚೆಂಡು ಮೇಲೆ ಮೇಲೆ ಏರಿ ಮುಂದಕ್ಕೆ ಹೋಗುವುದನ್ನೇ ಮರೆತಂತೆ ಆಗುತ್ತದೆ.

ಕಮ್ಮಿ ಲಾಫ್ಟ್‌ನ ಹುಚ್ಚಿಗೆ ಹಳೆಯ ಕಾರಣವೂ ಉಂಟು. ಮೊದಲು ಪರಿಣತ ಆಟಗಾರರು ಬಲಾಟಾ ಹೊದಿಕೆಯ, ಒಳಗೆ ರಬ್ಬರ್ ದಾರ ಸುತ್ತಿದ ಚೆಂಡು ಬಳಸುತ್ತಿದ್ದರು. ಅದು ಸಿಕ್ಕಾಪಟ್ಟೆ ಸ್ಪಿನ್ ಆಗುತ್ತಿತ್ತು. ಅದನ್ನು ಹಿಡಿತದಲ್ಲಿಡಲು ಕಮ್ಮಿ ಲಾಫ್ಟ್ ಬೇಕಾಗುತ್ತಿತ್ತು. 2000ದಲ್ಲಿ ಟೈಟ್ಲಿಸ್ಟ್‌ನ ಪ್ರೋ ವಿ1 ಬಂದಮೇಲೆ ಗಟ್ಟಿ ತಿರುಳಿನ, ಡ್ರೈವರ್‌ನಲ್ಲಿ ಕಮ್ಮಿ ಸುತ್ತುವ ಚೆಂಡುಗಳು ಎಲ್ಲೆಡೆ ಹರಡಿದವು. ಸ್ಪಿನ್ ತಾನಾಗಿಯೇ ಇಳಿದಮೇಲೆ ಲಾಫ್ಟ್ ಏರಿಸಲು ಜಾಗ ಸಿಕ್ಕಿತು. 2014ರಲ್ಲಿ ಟೇಲರ್‌ಮೇಡ್ ಕಂಪನಿ "ಲಾಫ್ಟ್ ಅಪ್" ಅಂತ ಪ್ರಚಾರವನ್ನೇ ಮಾಡಿತು. ಚೆಂಡು, ಕ್ಲಬ್ ಎರಡೂ ಬದಲಾದವು. ನಮ್ಮ ಮನಸ್ಸಿನಲ್ಲಿ ಮಾತ್ರ 9 ಡಿಗ್ರಿಯೇ ಗಟ್ಟಿಗರ ಕ್ಲಬ್ ಅನ್ನುವ ಮಾತು ಉಳಿದುಕೊಂಡಿತು.

ಬರೆದ ಲಾಫ್ಟ್ ಬೇರೆ, ತಾಗುವ ಲಾಫ್ಟ್ ಬೇರೆ

ಈ ಭಾಗ ಸ್ವಲ್ಪ ನಿಧಾನವಾಗಿ ಓದಿ. ಇದು ಗೊತ್ತಾದರೆ ಉಳಿದಿದ್ದೆಲ್ಲ ಸಲೀಸು.

ತಳದಲ್ಲಿ 10.5 ಅಂತ ಬರೆದಿದ್ದರೂ ಚೆಂಡಿಗೆ ತಾಗುವಾಗ ಫೇಸ್ 10.5 ಡಿಗ್ರಿ ಇರುವುದು ಅಪರೂಪ. ಕೈ ಚೆಂಡಿಗಿಂತ ಮುಂದಿದ್ದರೆ ಲಾಫ್ಟ್ ಇಳಿಯುತ್ತದೆ. ಹಿಂದಿದ್ದರೆ ಏರುತ್ತದೆ. ಸ್ವಿಂಗ್‌ನ ಕೊನೆಯಲ್ಲಿ ಶಾಫ್ಟ್ (ಕ್ಲಬ್‌ನ ಕೋಲು) ಮುಂದಕ್ಕೆ ಬಾಗುವುದರಿಂದಲೂ ಒಂದಷ್ಟು ಲಾಫ್ಟ್ ಸೇರುತ್ತದೆ. ಹೀಗೆ ತಾಗುವ ಕ್ಷಣದಲ್ಲಿ ನಿಜವಾಗಿ ಸಿಗುವುದು ಡೈನಾಮಿಕ್ ಲಾಫ್ಟ್.

ಎರಡನೆಯದು ಅಟ್ಯಾಕ್ ಆ್ಯಂಗಲ್. ಕ್ಲಬ್ ಕೆಳಗಿಳಿಯುತ್ತಾ ಚೆಂಡಿಗೆ ತಾಗುತ್ತದಾ, ಮೇಲೇರುತ್ತಾ ತಾಗುತ್ತದಾ ಅನ್ನುವುದು. ಚೆಂಡು ಎಷ್ಟು ಎತ್ತರಕ್ಕೆ ಹೊರಡುತ್ತದೆ ಅನ್ನುವುದನ್ನು ಸುಮಾರು 85 ಪಾಲು ಡೈನಾಮಿಕ್ ಲಾಫ್ಟ್, 15 ಪಾಲು ಅಟ್ಯಾಕ್ ಆ್ಯಂಗಲ್ ನಿರ್ಧರಿಸುತ್ತವೆ. ಸ್ಪಿನ್ ಮಾತ್ರ ಇವೆರಡರ ನಡುವಿನ ಅಂತರದಿಂದ ಹುಟ್ಟುತ್ತದೆ. ಆ ಅಂತರಕ್ಕೆ ಸ್ಪಿನ್ ಲಾಫ್ಟ್ ಅನ್ನುತ್ತಾರೆ.

ಒಂದು ಲೆಕ್ಕ ಹಾಕೋಣ. ಒಬ್ಬರು 3 ಡಿಗ್ರಿ ಕೆಳಮುಖವಾಗಿ ಹೊಡೆಯುತ್ತಾರೆ, ಡೈನಾಮಿಕ್ ಲಾಫ್ಟ್ 12. ಚೆಂಡು 10 ಡಿಗ್ರಿಗೂ ಸ್ವಲ್ಪ ಕೆಳಗೆ ಹೊರಡುತ್ತದೆ. ಸ್ಪಿನ್ ಲಾಫ್ಟ್ ಮಾತ್ರ 15. ಇನ್ನೊಬ್ಬರು 3 ಡಿಗ್ರಿ ಮೇಲ್ಮುಖವಾಗಿ ಹೊಡೆಯುತ್ತಾರೆ, ಡೈನಾಮಿಕ್ ಲಾಫ್ಟ್ 15. ಚೆಂಡು 13 ಡಿಗ್ರಿಗೂ ಮೇಲೆ ಹೊರಡುತ್ತದೆ, ಸ್ಪಿನ್ ಲಾಫ್ಟ್ 12 ಅಷ್ಟೇ. ಅಂದರೆ ಎರಡನೆಯವರಿಗೆ ಎತ್ತರ ಜಾಸ್ತಿ, ಸ್ಪಿನ್ ಕಮ್ಮಿ. ಡ್ರೈವರ್‌ನಿಂದ ನಮಗೆ ಬೇಕಾಗಿರುವುದು ಇದೇ ಅಲ್ವಾ?

ಚೆಂಡಿನ ಹಾರಾಟ ಅಳೆಯುವ ಯಂತ್ರ ಮಾಡುವ ಟ್ರ್ಯಾಕ್‌ಮ್ಯಾನ್ ಕಂಪನಿ ಅಳೆದು ಪ್ರಕಟಿಸಿದ, ಬಹಳ ಕಾಲದಿಂದ ಎಲ್ಲರೂ ಬಳಸುತ್ತಿರುವ ಸರಾಸರಿಗಳಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಎಲ್‌ಪಿಜಿಎಯ ವೃತ್ತಿಪರ ಆಟಗಾರ್ತಿಯರ ಕ್ಲಬ್ ವೇಗ ಗಂಟೆಗೆ 94 ಮೈಲಿ. ಅವರು 3 ಡಿಗ್ರಿ ಮೇಲ್ಮುಖವಾಗಿ ಹೊಡೆಯುತ್ತಾರೆ. ಚೆಂಡು 13.2 ಡಿಗ್ರಿಯಲ್ಲಿ ಹೊರಟು, ನಿಮಿಷಕ್ಕೆ ಸುಮಾರು 2,600 ಸುತ್ತು ಸುತ್ತಿ, ಗಾಳಿಯಲ್ಲೇ 218 ಗಜ ಹೋಗುತ್ತದೆ. ಹವ್ಯಾಸಿ ಗಂಡಸರ ವೇಗವೂ ಸರಾಸರಿ 93ರ ಆಸುಪಾಸು. ಆದರೆ ಅವರು ಒಂದೂವರೆ ಡಿಗ್ರಿ ಕೆಳಮುಖವಾಗಿ ಹೊಡೆಯುತ್ತಾರೆ, ಸ್ಪಿನ್ 3,300ರ ಹತ್ತಿರ ಹೋಗುತ್ತದೆ, ಕ್ಯಾರಿ (ಚೆಂಡು ಗಾಳಿಯಲ್ಲೇ ಹೋಗುವ ದೂರ) 10 ಗಜಕ್ಕೂ ಜಾಸ್ತಿ ಹಿಂದೆ ಬೀಳುತ್ತದೆ. ಆಟಗಾರ್ತಿಯರು ಫೇಸ್‌ನ ಮಧ್ಯಕ್ಕೆ ಹೆಚ್ಚು ನಿಖರವಾಗಿ ತಾಗಿಸುತ್ತಾರೆ ಅನ್ನುವುದೂ ಇದರಲ್ಲಿ ಸೇರಿದೆ. ಆದರೂ ನಮ್ಮಂಥವರು ಕಲಿಯಬೇಕಾದ ಮಾದರಿ ಆ ಆಟಗಾರ್ತಿಯರದ್ದೇ. ಗಂಟೆಗೆ 113 ಮೈಲಿ ಬೀಸುವ ಪಿಜಿಎ ಟೂರ್‌ನ ವೃತ್ತಿಪರ ಆಟಗಾರರನ್ನು ನೋಡಿ ಲಾಫ್ಟ್ ಆರಿಸಿಕೊಂಡರೆ ನಮಗೆ ಹೊಂದುವುದಿಲ್ಲ. ಬ್ರೈಸನ್ ಡಿಶಾಂಬೋ 2020ರಲ್ಲಿ ಯುಎಸ್ ಓಪನ್ ಗೆದ್ದಾಗ ಅವರ ಡ್ರೈವರ್ 5.5 ಡಿಗ್ರಿಯದು. ಅವರಷ್ಟು ಜೋರಾಗಿ ಬೀಸುವವರಿಗೆ ಅದು ಸರಿ.

ಹಂತ 1: ಫೇಸ್‌ನಲ್ಲಿ ಚೆಂಡು ಎಲ್ಲಿ ತಾಗುತ್ತಿದೆ ನೋಡಿ

ಲಾಫ್ಟ್ ಬದಲಿಸುವ ಮುಂಚೆ ಇದನ್ನು ಮಾಡಲೇಬೇಕು. ಪಾದಕ್ಕೆ ಹೊಡೆಯುವ ಪೌಡರ್ ಸ್ಪ್ರೇಯನ್ನು ಫೇಸ್ ಮೇಲೆ ತೆಳುವಾಗಿ ಹಾಕಿ. ಅದು ಒಣಗಿ ಬೆಳ್ಳಗಾದಮೇಲೆ ಒಂದು ಚೆಂಡು ಹೊಡೆಯಿರಿ. ಈಗ ಕ್ಲಬ್ ಎತ್ತಿ ಹತ್ತಿರದಿಂದ ನೋಡಿ. ಬಿಳಿ ಪುಡಿಯ ನಡುವೆ ನಾಣ್ಯದಷ್ಟು ಗಾತ್ರದ ದುಂಡು ಗುರುತು ಬಿದ್ದಿರುತ್ತದೆ. ಗುಳಿಗಳ ಅಚ್ಚು ಸಹ ಕಾಣುತ್ತದೆ. ಹತ್ತು ಚೆಂಡು ಹೊಡೆದು ಗುರುತುಗಳ ಗುಂಪು ಎಲ್ಲಿದೆ ಅಂತ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಇದಕ್ಕೆ ಯಾಕೆ ಇಷ್ಟು ಮಹತ್ವ? ಡ್ರೈವರ್‌ನ ಫೇಸ್ ಚಪ್ಪಟೆಯಾಗಿಲ್ಲ. ಮೇಲಿಂದ ಕೆಳಕ್ಕೆ ಸ್ವಲ್ಪ ಉಬ್ಬಿದೆ. ಹಾಗಾಗಿ ಮೇಲ್ಭಾಗದಲ್ಲಿ ಲಾಫ್ಟ್ ಜಾಸ್ತಿ, ಕೆಳಭಾಗದಲ್ಲಿ ಕಮ್ಮಿ. ಅದರ ಜೊತೆಗೆ ಗೇರ್ ಎಫೆಕ್ಟ್ ಇದೆ. ಮಧ್ಯಕ್ಕಿಂತ ಮೇಲೆ ತಾಗಿದರೆ ಕ್ಲಬ್‌ನ ತಲೆ ತುಸು ಹಿಂದಕ್ಕೆ ವಾಲಿ ಚೆಂಡಿನ ಬ್ಯಾಕ್‌ಸ್ಪಿನ್ ಇಳಿಯುತ್ತದೆ. ಕೆಳಗೆ ತಾಗಿದರೆ ಸ್ಪಿನ್ ಏರುತ್ತದೆ. ಒಂದೇ ಕ್ಲಬ್‌ನಲ್ಲಿ, ಒಂದೇ ವೇಗದಲ್ಲಿ, ಬರೀ ಅರ್ಧ ಇಂಚಿನ ವ್ಯತ್ಯಾಸಕ್ಕೆ ಚೆಂಡು ಎರಡು ಬೇರೆ ಡ್ರೈವರ್‌ಗಳಿಂದ ಹೋದಂತೆ ಹೋಗುತ್ತದೆ. ಗುರುತುಗಳ ಗುಂಪು ಫೇಸ್‌ನ ಕೆಳಗೇ ಇದ್ದರೆ ನಿಮಗೆ ಮೊದಲು ಬೇಕಾಗಿರುವುದು ಎತ್ತರದ ಟೀ (ಚೆಂಡು ಇಡುವ ಕಡ್ಡಿ). ಹೊಸ ಲಾಫ್ಟ್ ಆಮೇಲೆ.

ಹಂತ 2: ಟೀ ಮತ್ತು ನಿಲುವು ಸರಿಮಾಡಿ

ಡ್ರೈವರನ್ನು ಚೆಂಡಿನ ಹಿಂದೆ ಇಟ್ಟಾಗ ಸುಮಾರು ಅರ್ಧ ಚೆಂಡು ಕ್ಲಬ್‌ನ ಮೇಲಂಚಿಗಿಂತ ಮೇಲೆ ಕಾಣಬೇಕು. ಚೆಂಡು ಮುಂದಿನ (ಗುರಿಯ ಕಡೆಯ) ಪಾದದ ಹಿಮ್ಮಡಿಯ ನೇರಕ್ಕೆ ಇರಲಿ. ಮುಂದಿನ ಭುಜ ಹಿಂದಿನದಕ್ಕಿಂತ ಒಂದಿಷ್ಟು ಎತ್ತರದಲ್ಲಿರಲಿ. ಇಷ್ಟಕ್ಕೇ ಎಷ್ಟೋ ಜನರ ಕೆಳಮುಖದ ಹೊಡೆತ ಮಟ್ಟಸವಾಗುತ್ತದೆ. ಟೀ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದು, ಪ್ರತಿ ಸಲ ಅದೇ ಗೆರೆಯವರೆಗೆ ನೆಡಿ. ಮುಂದಿನ ಪರೀಕ್ಷೆಗಳಲ್ಲಿ ಟೀ ಎತ್ತರ ಬದಲಾದರೆ ಲಾಫ್ಟ್‌ನ ಪರಿಣಾಮ ಯಾವುದು, ಟೀಯದ್ದು ಯಾವುದು ಅಂತ ತಿಳಿಯುವುದಿಲ್ಲ.

ಹಂತ 3: ಚೆಂಡಿನ ಹಾರಾಟ ಓದಿ

ಯಂತ್ರವಿಲ್ಲದೆಯೂ ಬಹಳಷ್ಟು ತಿಳಿಯುತ್ತದೆ. ನಿಮ್ಮ ಹಿಂದೆ ಒಬ್ಬರನ್ನು ನಿಲ್ಲಿಸಿ, ಅಥವಾ ಫೋನಿನಲ್ಲಿ ವಿಡಿಯೊ ಮಾಡಿ.

ಚೆಂಡು ತಗ್ಗಿನಲ್ಲಿ ಹೊರಟು, ಬಹಳ ಏರದೆ, ಬೇಗ ಸೋತು ಬೀಳುತ್ತಿದ್ದರೆ ಎತ್ತರವೂ ಸಾಲದು, ಸ್ಪಿನ್ನೂ ಸಾಲದು. ಲಾಫ್ಟ್ ಏರಿಸಬೇಕು. ನನ್ನ 9 ಡಿಗ್ರಿಯ ಕಥೆ ಇದೇ ಆಗಿತ್ತು.

ಎತ್ತರದಲ್ಲೇ ಹೊರಟು, ಇನ್ನೂ ಎತ್ತರಕ್ಕೆ ಹೋಗಿ, ನೆತ್ತಿಯ ಮೇಲಿಂದ ಬಿದ್ದಂತೆ ನೇರ ಕೆಳಗಿಳಿದು, ಫೇರ್‌ವೇ ಮೇಲೆ ಒಂದೆರಡು ಹೆಜ್ಜೆಯೂ ಉರುಳದೆ ನಿಂತರೆ ಲಾಫ್ಟ್ ಜಾಸ್ತಿಯಾಗಿದೆ. ಒಂದು ಡಿಗ್ರಿ ಇಳಿಸಿ ನೋಡಬಹುದು.

ಮೂರನೆಯದು ಮೋಸ ಮಾಡುವಂಥದ್ದು. ಚೆಂಡು ತಗ್ಗಿನಲ್ಲಿ ಹೊರಡುತ್ತದೆ, ಅರ್ಧ ದಾರಿಯಲ್ಲಿ ಯಾರೋ ಕೆಳಗಿನಿಂದ ನೂಕಿದ ಹಾಗೆ ಮೇಲಕ್ಕೆ ಎದ್ದು, ಗಾಳಿಯಲ್ಲಿ ನಿಂತು, ಸುಮ್ನೆ ಕೆಳಗೆ ಬೀಳುತ್ತದೆ. ಇದನ್ನು ನೋಡಿ "ಅಯ್ಯೋ, ಎತ್ತರ ಜಾಸ್ತಿಯಾಯ್ತು" ಅಂತ ಲಾಫ್ಟ್ ಇಳಿಸುವವರೇ ಬಹಳ. ನಿಜವಾದ ಕಾರಣ ಕೆಳಮುಖದ ಹೊಡೆತ, ಇಲ್ಲವೇ ಫೇಸ್‌ನ ಕೆಳಭಾಗಕ್ಕೆ ತಾಗುವುದು. ಲಾಫ್ಟ್ ಇಳಿಸಿದರೆ ಚೆಂಡು ಇನ್ನೂ ತಗ್ಗಿನಲ್ಲಿ ಹೊರಡುತ್ತದೆ. ಅದನ್ನು ಎತ್ತಲು ನೀವು ಬೆನ್ನು ಹಿಂದಕ್ಕೆ ವಾಲಿಸಿ ಹೊಡೆಯಲು ಶುರು ಮಾಡುತ್ತೀರಿ. ಒಂದು ತಪ್ಪಿಗೆ ಇನ್ನೊಂದು ಸೇರುತ್ತದೆ. ದಯವಿಟ್ಟು ಇಲ್ಲಿ ಹಂತ 2ಕ್ಕೆ ವಾಪಸ್ ಹೋಗಿ, ಲಾಫ್ಟ್ ಮುಟ್ಟಬೇಡಿ.

ಹಂತ 4: ನಿಮ್ಮ ವೇಗ ತಿಳಿದುಕೊಳ್ಳಿ

ಲಾಂಚ್ ಮಾನಿಟರ್ (ಹೊಡೆತ ಅಳೆಯುವ ಯಂತ್ರ) ಸಿಕ್ಕರೆ ನಾಲ್ಕು ಅಂಕಿ ಬರೆದುಕೊಳ್ಳಿ: ಕ್ಲಬ್ ವೇಗ, ಲಾಂಚ್ ಆ್ಯಂಗಲ್ (ಚೆಂಡು ಹೊರಡುವ ಕೋನ), ಸ್ಪಿನ್, ಕ್ಯಾರಿ. ಅಟ್ಯಾಕ್ ಆ್ಯಂಗಲ್ ತೋರಿಸಿದರೆ ಇನ್ನೂ ಒಳ್ಳೆಯದು.

ಹೊಡೆತ ಹೆಚ್ಚುಕಮ್ಮಿ ಮಟ್ಟಸವಾಗಿದೆ ಅಂತ ಇಟ್ಟುಕೊಂಡರೆ ಎಲ್ಲಿಂದ ಶುರು ಮಾಡಬಹುದು? ವೇಗ ಗಂಟೆಗೆ 80 ಮೈಲಿಯ ಸುತ್ತಮುತ್ತ ಇದ್ದರೆ 12ರಿಂದ 14 ಡಿಗ್ರಿಯ ಡ್ರೈವರ್ ಹಿಡಿಯಿರಿ. ಲಾಂಚ್ 14ರಿಂದ 17 ಡಿಗ್ರಿ, ಸ್ಪಿನ್ 2,600ರಿಂದ 3,000 ಇರಲಿ. 90ರ ಹತ್ತಿರ ಇದ್ದರೆ 10.5ರಿಂದ 12 ಡಿಗ್ರಿ, ಲಾಂಚ್ 12ರಿಂದ 15, ಸ್ಪಿನ್ 2,400ರಿಂದ 2,800. 100 ಮುಟ್ಟಿದವರಿಗೆ 9.5ರಿಂದ 10.5 ಸಾಮಾನ್ಯವಾಗಿ ಹೊಂದುತ್ತದೆ. 110 ದಾಟಿದವರು 8ರಿಂದ 10ರ ನಡುವೆ ಹುಡುಕಬಹುದು. ಇವೆಲ್ಲ ಅಂದಾಜು, ಶಾಸನವಲ್ಲ. ಕೆಳಮುಖವಾಗಿ ಹೊಡೆಯುವವರಿಗೆ ಒಂದು ಡಿಗ್ರಿ ಜಾಸ್ತಿ ಬೇಕಾಗಬಹುದು, ಚೆನ್ನಾಗಿ ಮೇಲ್ಮುಖವಾಗಿ ಹೊಡೆಯುವವರಿಗೆ ಒಂದು ಕಮ್ಮಿ ಸಾಕಾಗಬಹುದು.

ಒಂದು ಡಿಗ್ರಿ ಲಾಫ್ಟ್ ಏರಿಸಿದರೆ ಏನಾಗುತ್ತದೆ ಅಂತಲೂ ತಿಳಿದಿರಲಿ. ಲಾಂಚ್ ಮುಕ್ಕಾಲು ಡಿಗ್ರಿಯಷ್ಟು ಏರುತ್ತದೆ. ಸ್ಪಿನ್ ನಿಮಿಷಕ್ಕೆ 200ರಿಂದ 300 ಸುತ್ತು ಏರುತ್ತದೆ. ಚೆಂಡಿನ ವೇಗ ಚೂರು ಇಳಿಯುತ್ತದೆ, ಯಾಕಂದರೆ ಬಲದ ಒಂದು ಪಾಲು ಎತ್ತುವುದಕ್ಕೂ ಸುತ್ತಿಸುವುದಕ್ಕೂ ಹೋಗುತ್ತದೆ. ಕಳೆದುಕೊಂಡ ಆ ಚೂರಿಗಿಂತ ಎತ್ತರದಿಂದ ಸಿಕ್ಕಿದ್ದು ಜಾಸ್ತಿಯಾ ಅನ್ನುವುದೇ ನಿಮ್ಮ ಪರೀಕ್ಷೆಯ ಪ್ರಶ್ನೆ.

ಹಂತ 5: ಸ್ಲೀವ್ ತಿರುಗಿಸಿ ಹೋಲಿಸಿ

2009ರ ಸುಮಾರಿಗೆ ಶುರುವಾಗಿ, ಈಗಿನ ಬಹುಪಾಲು ಡ್ರೈವರ್‌ಗಳಲ್ಲಿ ಶಾಫ್ಟ್ ಮತ್ತು ತಲೆ ಸೇರುವ ಕಡೆ ತಿರುಗಿಸಬಹುದಾದ ಸ್ಲೀವ್ ಇದೆ. ಕ್ಲಬ್ ಜೊತೆ ಬಂದ ವ್ರೆಂಚ್‌ನಿಂದ ಸ್ಕ್ರೂ ಬಿಚ್ಚಿ, ಸ್ಲೀವ್ ಮೇಲಿನ ಗುರುತನ್ನು ಬೇಕಾದ ಕಡೆ ತಿರುಗಿಸಿ, "ಟಕ್" ಅನ್ನುವವರೆಗೆ ಬಿಗಿ ಮಾಡಿ. ಆ ಸದ್ದು ಬರುವ ಮುಂಚೆ ಹೊಡೆಯಬೇಡಿ.

ಇಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಸ್ಲೀವ್ ತಿರುಗಿಸಿದಾಗ ಲಾಫ್ಟ್ ಒಂದೇ ಬದಲಾಗುವುದಿಲ್ಲ. ಲಾಫ್ಟ್ ಏರಿಸಿ ಕ್ಲಬ್ಬನ್ನು ನೆಲದ ಮೇಲೆ ತಾನಾಗಿ ಕೂರಲು ಬಿಟ್ಟರೆ ಫೇಸ್ ಮುಚ್ಚಿಕೊಳ್ಳುತ್ತದೆ, ಅಂದರೆ ಬಲಗೈ ಆಟಗಾರರಿಗೆ ಎಡಕ್ಕೆ ನೋಡುತ್ತದೆ. ಲಾಫ್ಟ್ ಇಳಿಸಿದರೆ ಫೇಸ್ ತೆರೆದುಕೊಳ್ಳುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಲಾಫ್ಟ್ ಒಂದು ಡಿಗ್ರಿ ಬದಲಾದರೆ ಫೇಸ್ ಎರಡು ಡಿಗ್ರಿಯಷ್ಟು ತಿರುಗುತ್ತದೆ. ಆದ್ದರಿಂದ ಹೊಡೆಯುವ ಮುಂಚೆ ಫೇಸನ್ನು ಗುರಿಯ ಕಡೆ ನೇರ ಮಾಡಿ, ಆಮೇಲೆ ಕೈ ಹಿಡಿತ ಹಾಕಿ. ಆಗಲೇ ಏರಿಸಿದ ಲಾಫ್ಟ್ ನಿಜವಾಗಿ ಏರಿದ ಹಾಗೆ.

ಪರೀಕ್ಷೆಗೆ ಗಾಳಿ ಇಲ್ಲದ ಹೊತ್ತು ಆರಿಸಿ. ನೀವು ಆಡುವ ಚೆಂಡನ್ನೇ ಬಳಸಿ. ಸವೆದ ರೇಂಜ್ ಚೆಂಡುಗಳು ಸುಳ್ಳು ಹೇಳುತ್ತವೆ. ಈಗಿರುವ ಲಾಫ್ಟ್‌ನಲ್ಲಿ ಹತ್ತು, ಒಂದು ಡಿಗ್ರಿ ಏರಿಸಿ ಹತ್ತು, ಮತ್ತೆ ಮೊದಲಿನದಕ್ಕೆ ಬಂದು ಐದು. ಈ ಕೊನೆಯ ಐದನ್ನು ಬಿಡಬೇಡಿ. ಮೈ ಕಾದಿದ್ದಕ್ಕೆ ದೂರ ಹೋಯಿತಾ, ಲಾಫ್ಟ್‌ನಿಂದ ಹೋಯಿತಾ ಅನ್ನುವುದು ಆಗಲೇ ಗೊತ್ತಾಗುವುದು. ತೀರಾ ಕೆಟ್ಟ ಒಂದೆರಡನ್ನು ಬಿಟ್ಟು ಉಳಿದವುಗಳ ಸರಾಸರಿ ನೋಡಿ. ಎಲ್ಲಕ್ಕಿಂತ ಉದ್ದ ಹೋದ ಒಂದೇ ಚೆಂಡನ್ನು ನಂಬಿ ತೀರ್ಮಾನ ಮಾಡಬೇಡಿ. ಆ ಚೆಂಡು ಎಷ್ಟು ಸಿಹಿ ಅಂತ ನನಗೂ ಗೊತ್ತು, ಆದರೆ ಸ್ಕೋರ್ ಕಾರ್ಡ್ ಬರೆಯುವುದು ಉಳಿದ ಒಂಬತ್ತು.

ಸ್ಲೈಸ್ ಇರುವವರಿಗೆ ಎರಡು ಮಾತು

ಸ್ಲೈಸ್ ಅಂದರೆ ಬಲಗೈ ಆಟಗಾರರ ಚೆಂಡು ಬಲಕ್ಕೆ ತಿರುಗಿ ಹೋಗುವುದು. ಲಾಫ್ಟ್ ಬರೀ ಎತ್ತರದ ವಿಷಯವಲ್ಲ. ಫೇಸ್ ಸ್ವಿಂಗ್ ದಾರಿಗೆ ತೆರೆದಿದ್ದಾಗ ಚೆಂಡಿನ ಸುತ್ತು ಪಕ್ಕಕ್ಕೆ ವಾಲುತ್ತದೆ, ಅದಕ್ಕೇ ಚೆಂಡು ತಿರುಗುತ್ತದೆ. ಲಾಫ್ಟ್ ಜಾಸ್ತಿ ಇದ್ದಾಗ ಹಿಂದಕ್ಕೆ ಸುತ್ತುವ ಪಾಲು ದೊಡ್ಡದಾಗಿ ಈ ವಾಲುವಿಕೆ ಕಮ್ಮಿಯಾಗುತ್ತದೆ. ಡ್ರೈವರ್‌ಗಿಂತ ಲಾಫ್ಟ್ ಜಾಸ್ತಿ ಇರುವ 3-ವುಡ್ ಕ್ಲಬ್‌ನಲ್ಲಿ ಚೆಂಡು ನೇರ ಹೋಗಿ ಡ್ರೈವರ್‌ನಲ್ಲಿ ಮಾತ್ರ ಬಲಕ್ಕೆ ಓಡುವುದಕ್ಕೆ ಇದೂ ಒಂದು ಕಾರಣ. ಸ್ಲೈಸ್ ಹೊಡೆಯುವವರು ಲಾಫ್ಟ್ ಇಳಿಸಿದರೆ ತಿರುವು ಹೆಚ್ಚಾಗುತ್ತದೆ, ಸ್ಲೀವ್ ಫೇಸನ್ನೂ ತೆರೆಯುತ್ತದೆ, ಎರಡೂ ಸೇರಿ ಚೆಂಡು ಮರಗಳೊಳಗೆ. ಏರಿಸಿ ನೋಡಿ. ಸ್ವಿಂಗ್ ತಿದ್ದುವುದಕ್ಕೆ ಅದು ಬದಲಿಯಲ್ಲ, ಆದರೆ ತಿದ್ದುವವರೆಗೆ ಚೆಂಡು ಆಟದಲ್ಲಿ ಉಳಿಯುತ್ತದೆ. ಹುಕ್ ಕಾಟ (ಚೆಂಡು ಎಡಕ್ಕೆ ತಿರುಗುವುದು) ಇರುವವರು ಲಾಫ್ಟ್ ಏರಿಸುವಾಗ ಮೇಲೆ ಹೇಳಿದಂತೆ ಫೇಸ್ ನೇರ ಇದೆಯಾ ಅಂತ ಎರಡು ಸಲ ನೋಡಿಕೊಳ್ಳಲಿ.

ಹಂತ 6: ಒಂದಕ್ಕೆ ನಿಲ್ಲಿ

ಎರಡು ಲಾಫ್ಟ್‌ಗಳ ಕ್ಯಾರಿ ಹೆಚ್ಚುಕಮ್ಮಿ ಸಮ ಬಂದರೆ ಜಾಸ್ತಿ ಲಾಫ್ಟ್ ಇರುವುದನ್ನೇ ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ. ಅಡ್ಡಾದಿಡ್ಡಿ ತಾಗಿದ ದಿನವೂ ಅದು ಕೈ ಬಿಡುವುದಿಲ್ಲ. ನೆಲ ಗಟ್ಟಿಯಾಗಿ, ಗಾಳಿ ಎದುರಿಗೇ ಬೀಸುವ ಮೈದಾನದಲ್ಲೇ ನೀವು ಹೆಚ್ಚಾಗಿ ಆಡುವುದಾದರೆ ಮಾತ್ರ ಕಮ್ಮಿ ಲಾಫ್ಟ್‌ನ ಕಡೆ ವಾಲಬಹುದು. ಅಲ್ಲಿ ಸ್ಪಿನ್ ಕಮ್ಮಿ ಇದ್ದಷ್ಟೂ ಚೆಂಡು ಗಾಳಿ ಸೀಳಿಕೊಂಡು ಹೋಗುತ್ತದೆ, ಬಿದ್ದಮೇಲೂ ಉರುಳುತ್ತದೆ.

ಹೊಸ ಡ್ರೈವರ್ ಕೊಳ್ಳುವವರು ಬರೆದ ಅಂಕಿಯನ್ನೇ ಪೂರ್ತಿ ನಂಬಬೇಡಿ. ಒಂದು ಕಂಪನಿಯ 10.5 ಇನ್ನೊಂದರ 10.5ರಂತೆ ಹಾರಬೇಕು ಅಂತೇನಿಲ್ಲ. ತಲೆಯ ಭಾರ ಹಿಂದೆ ಇಟ್ಟಿದ್ದರೆ ಚೆಂಡು ಎತ್ತರಕ್ಕೆ, ಸ್ಪಿನ್ ಜಾಸ್ತಿಯಾಗಿ ಹೋಗುತ್ತದೆ. ಮುಂದೆ ಇಟ್ಟಿದ್ದರೆ ಸ್ಪಿನ್ ಇಳಿಯುತ್ತದೆ, ಅಂಥ ತಲೆಗೆ ಲಾಫ್ಟ್ ಸ್ವಲ್ಪ ಜಾಸ್ತಿಯೇ ಬೇಕು. ಹೊಡೆದು ನೋಡಿಯೇ ಕೊಳ್ಳಿ.

ತೀರ್ಮಾನವಾದ ಮೇಲೆ ಸ್ಲೀವ್‌ನ ಸ್ಥಾನವನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಕನಿಷ್ಠ ಹತ್ತು ರೌಂಡ್ ಮುಟ್ಟಬೇಡಿ. ರೌಂಡ್ ನಡುವೆಯಂತೂ ತಿರುಗಿಸುವಂತಿಲ್ಲ. ಆಟದ ಮಧ್ಯೆ ಸೆಟ್ಟಿಂಗ್ ಬದಲಿಸಿದ ಕ್ಲಬ್‌ನಲ್ಲಿ ಹೊಡೆಯುವುದು ನಿಯಮಕ್ಕೆ ವಿರುದ್ಧ. ವ್ರೆಂಚ್ ಕಾರಿನಲ್ಲೇ ಇರಲಿ. ಶಾಫ್ಟ್ ಬದಲಿಸಿದಾಗ, ಬೇರೆ ಥರದ ಚೆಂಡಿಗೆ ಹೋದಾಗ, ಅಥವಾ ಪೌಡರ್ ಗುರುತುಗಳ ಗುಂಪು ಹಳೆಯ ಫೋಟೊದಲ್ಲಿದ್ದ ಜಾಗದಿಂದ ಸರಿದಿದೆ ಅನ್ನಿಸಿದಾಗ ಹಂತ 1ರಿಂದ ಮತ್ತೊಮ್ಮೆ ನೋಡಿ.